ಹಸುವಿನ ನಡೆ, ಹಾಡಿನ ನಡೆ

ಮೊನ್ನೆ ಸಂಜೆ ನಮ್ಮ ನಡುಮನೆಯಲ್ಲಿ ಗೋವಿನ ಹಾಡಿನ ಪಾಠ ನಡೆದಿತ್ತು. ಎಂಟು ವರ್ಷದ ಮಗಳು ಅದನ್ನು ಮಗ್ಗಿಯಂತೆ ಗಡಗಡನೆ ಒಪ್ಪಿಸುತ್ತಿದ್ದಳು. ಬತ್ತಿ ಹೊಸೆಯುತ್ತ ಕುಳಿತಿದ್ದ ನನ್ನ ತಾಯಿಯವರು, "ಹಾಗಲ್ಲ ಮಗೂ, ಹಸು ಓಡುವುದಿಲ್ಲ, ನಡೆಯುತ್ತದೆ" ಎಂದರು. ಕಾಲೇಜಿನಲ್ಲಿ ಛಂದಸ್ಸನ್ನು ಬೋಧಿಸುವ ನನಗೆ ಆ ಒಂದು ಮಾತು ಒಂದು ಗಂಟೆಯ ಉಪನ್ಯಾಸಕ್ಕಿಂತ ಮಿಗಿಲೆನಿಸಿತು.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಎಣಿಸಿ ನೋಡಿರಿ. ಆ ಹಾಡಿನ ಮುಖ್ಯ ನಡೆ ಮೂರು, ನಾಲ್ಕು. ಮತ್ತೆ ಮೂರು, ನಾಲ್ಕು. ಗೊಲ್ಲನು ಹಸುಗಳನ್ನು ಕರೆಯುವಾಗ 'ಗಂಗೆ', 'ಗೌರಿ' ಎಂಬ ಹೆಸರುಗಳಿಗೆ ಮೂರು ಮೂರು ಮಾತ್ರೆ. ಬೆನ್ನಿಗೆ ಬರುವ 'ಬಾರೆ' ಎಂಬುದಕ್ಕೂ ಮೂರೇ. ಆದರೆ ಕರೆಯುವ ಕೊರಳು ಅದನ್ನು 'ಬಾರೇ' ಎಂದು ಎಳೆಯುತ್ತದೆ, ನಾಲ್ಕಾಯಿತು! ಅಕ್ಕರೆಯೇ ಇಲ್ಲಿ ಲೆಕ್ಕವನ್ನು ಸರಿಪಡಿಸಿದೆ.

ಇನ್ನು ಪ್ರಾಸ. ಮೊದಲ ಪದ್ಯದ ಮೊದಲ ಪಾದದಲ್ಲಿ ಎರಡನೆಯ ಅಕ್ಷರ ರಕಾರ. ಉಳಿದ ಪಾದಗಳೂ ಅದೇ ಸ್ಥಾನಕ್ಕೆ ರಕಾರವನ್ನೇ ತಂದೊಪ್ಪಿಸುತ್ತವೆ. ಮೊದಲ ಸಾಲು ಕೊಟ್ಟ ಮಾತನ್ನು ಮಿಕ್ಕ ಸಾಲುಗಳು ನಡೆಸಿಕೊಡುತ್ತವೆ.

ಪುನರುಕ್ತಿ ಗದ್ಯದಲ್ಲಿ ದೋಷವೆನಿಸಬಹುದು. ಇಲ್ಲಿ ಅದೇ ಜೀವಾಳ. ಕರು ತಾಯಿಯನ್ನು ಒಂದೇ ಅಚ್ಚಿನ ಪ್ರಶ್ನೆಗಳಿಂದ ಮತ್ತೆ ಮತ್ತೆ ಕಾಡುತ್ತದೆ. ಅಚ್ಚು ಅದೇ, ಸಂಕಟ ಮಾತ್ರ ಬೇರೆ ಬೇರೆ. ಒಮ್ಮೆ ಹಾಲು, ಒಮ್ಮೆ ಆಸರೆ, ಒಮ್ಮೆ ಮಲಗುವ ಮಗ್ಗುಲು. ಕಳೆದುಕೊಳ್ಳಲಿರುವುದನ್ನು ಆ ಎಳೆಯ ಜೀವ ಹೀಗೆ ಒಂದೊಂದಾಗಿ ಎಣಿಸುವಾಗ ಕೇಳುವವರ ಕೊರಳು ಬಿಗಿಯುತ್ತದೆ.

ಇಷ್ಟನ್ನೂ ನಾನು ಮಗಳಿಗೆ ವಿವರಿಸಿದೆ. ಅವಳು ಕೇಳಿದಳು: "ಅಪ್ಪಾ, ಹಸು ದೊಡ್ಡಿಯಲ್ಲೇ ಇದ್ದುಬಿಡಬಹುದಾಗಿತ್ತಲ್ಲ?"

"ಇದ್ದುಬಿಟ್ಟಿದ್ದರೆ ಹಾಡಿನ ತಾಳವೇ ತಪ್ಪುತ್ತಿತ್ತಮ್ಮ. ಸಾಲುಸಾಲಿಗೂ ನಡೆ ಹಿಂದಿರುಗುತ್ತದೆ, ಪ್ರಾಸ ಹಿಂದಿರುಗುತ್ತದೆ, ಮಾತು ಹಿಂದಿರುಗುತ್ತದೆ. ಹಸುವೊಂದು ಹಿಂದಿರುಗದಿದ್ದರೆ ಹೇಗೆ?"

ಅವಳು ಕ್ಷಣಕಾಲ ಸುಮ್ಮನಿದ್ದು, "ಹಾಗಾದರೆ ಹೋದ ಭಾನುವಾರ ಲಾಲ್‌ಬಾಗಿಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದಿರಲ್ಲ?" ಎಂದಳು.

ತಾಯಿಯವರ ಕೈಯಲ್ಲಿದ್ದ ಬತ್ತಿ ಅರ್ಧಕ್ಕೇ ನಿಂತಿತು. ಎಷ್ಟು ಹುಡುಕಿದರೂ ಛಂದಶ್ಶಾಸ್ತ್ರದಲ್ಲಿ ನನಗೆ ಉತ್ತರ ದೊರೆಯಲಿಲ್ಲ.

ಆದಕಾರಣ, ವಾಚಕರೇ, ಈ ವಾರದ ಬರಹವನ್ನು ಶನಿವಾರವೇ ಮುಗಿಸಿದ್ದೇನೆ. ನಾಳೆ ಭಾನುವಾರ.