ಸಂಬಳ ಪಡೆದವರ ಸೇವೆ

ಆಲಮಟ್ಟಿ ಎಂದೊಡನೆ ಎಲ್ಲರಿಗೂ ಆಣೆಕಟ್ಟು ನೆನಪಾಗುತ್ತದೆ. ನನಗೆ ಮೊದಲು ನೆನಪಾಗುವವರು ಹರ್ಡೇಕರ ಮಂಜಪ್ಪನವರು. 1886ರಲ್ಲಿ ಬನವಾಸಿಯಲ್ಲಿ ಜನಿಸಿದ ಅವರು ಸ್ವದೇಶಿ ಚಳವಳಿಯ ಕರೆಗೆ ಓಗೊಟ್ಟು ಶಿಕ್ಷಕ ವೃತ್ತಿಯನ್ನು ತೊರೆದರು. 1906ರಲ್ಲಿ ದಾವಣಗೆರೆಯಲ್ಲಿ ‘ಧನುರ್ಧಾರಿ’ ಪತ್ರಿಕೆ ಆರಂಭಿಸಿದರು. ಮುಂದೆ ಆಲಮಟ್ಟಿಯಲ್ಲಿ ಆಶ್ರಮ ಕಟ್ಟಿ, 1947ರಲ್ಲಿ ಕೊನೆಯುಸಿರೆಳೆಯುವವರೆಗೆ ಸಮಾಜಸೇವೆಯಲ್ಲೇ ಸವೆದರು.

ನೌಕರಿ ಬಿಟ್ಟು ಸೇವೆಗಿಳಿದವರನ್ನು ನಾವು ಪೂಜಿಸುತ್ತೇವೆ, ಅದು ಯುಕ್ತವೇ. ಆದರೆ ನೌಕರಿಯಲ್ಲಿದ್ದೇ ಸೇವೆ ಮಾಡುವವರನ್ನು? ನಮ್ಮ ಓಣಿಯನ್ನು ನಸುಕಿನಲ್ಲೇ ಗುಡಿಸುತ್ತಿದ್ದ ಪೌರಕಾರ್ಮಿಕರೊಬ್ಬರು ಜಾತ್ರೆ ಮುಗಿದ ರಾತ್ರಿ, ಯಾರೂ ಹೇಳದೆ, ಗುಡಿಯ ಬಯಲನ್ನು ಹಸನು ಮಾಡುತ್ತಿದ್ದರು. ಅನಾಥ ಶವಗಳಿಗೆ ಹೆಗಲು ಕೊಡುತ್ತಿದ್ದರು. “ಪಗಾರ ತಗೋತಾನ, ಮಾಡ್ತಾನ” ಎಂದು ಜನ ಅಂದುಬಿಡುತ್ತಿದ್ದರು. ಪಗಾರವನ್ನು ನಾನೂ ಪಡೆದೆ. ಆದರೂ ಹಳೆಯ ವಿದ್ಯಾರ್ಥಿಗಳು ಇಂದಿಗೂ ನನ್ನ ಕಾಲಿಗೆರಗುತ್ತಾರೆ. ಅವರಿಗೆ ಮಾತ್ರ ನೀರು ಸಿಗುತ್ತಿದ್ದುದು ಬೇರೆ ಲೋಟದಲ್ಲಿ. ನಮ್ಮ ಮನೆಯೂ ಅದಕ್ಕೆ ಹೊರತಾಗಿರಲಿಲ್ಲ.

ಬಸವಣ್ಣನವರ ಬಾಗೇವಾಡಿ ನಮಗೆ ದೂರವೇನಲ್ಲ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನನ್ನು ಶರಣಪರಂಪರೆ ವಚನಕಾರ್ತಿಯೆಂದು ಗೌರವಿಸಿತು. ನಾವೋ, ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನದಂದು ಶಾಲು ಹೊದಿಸಿ, ಮರುದಿನವೇ ಹಸಿಕಸ ಒಣಕಸ ಬೆರೆಸಿ ಅವರ ಮುಂದೆ ಸುರಿಯುತ್ತೇವೆ. ಮಲಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು 1993ರಲ್ಲಿ ಬಂದಿತು. 2013ರಲ್ಲಿ ಇನ್ನಷ್ಟು ಬಿಗಿಯಾದುದೊಂದು ಬಂದಿತು. ಕೈಗೆ ಹತ್ತುವ ಹೊಲಸನ್ನು ಕಾನೂನು ತಡೆದೀತು. ಮನಸ್ಸಿಗೆ ಹತ್ತಿದುದನ್ನು ನಾವೇ ತೊಳೆದುಕೊಳ್ಳಬೇಕು.

ಓದುಗ ಮಿತ್ರರೇ, ನಾಳೆ ಬೆಳಿಗ್ಗೆ ಅವರ ಹೆಸರು ಕೇಳೋಣ. ನಾವು ಕುಡಿಯುವ ಲೋಟದಲ್ಲೇ ನೀರು ಕೊಡೋಣ.