ರೈಲು ನಿಲ್ಲುವ ದ್ವೀಪ

"ತಾತ, ದ್ವೀಪಕ್ಕೆ ಹೋಗೋಕೆ ಎಷ್ಟು ದುಡ್ಡು ಬೇಕು?"

ಬೇಸಿಗೆ ರಜೆ ಶುರುವಾಗಿ ನಾಲ್ಕು ದಿನ ಆಗಿತ್ತು. ಹಲಸೂರಿನ ನಮ್ಮ ಮನೆಯ ಮುಂದಿನ ಮೆಟ್ಟಿಲ ಮೇಲೆ ಪೇಪರು ಹಿಡಿದು ಕೂತಿದ್ದೆ. ನಾಲ್ಕನೇ ಕ್ಲಾಸು ಮುಗಿಸಿದ ಮೊಮ್ಮಗ ತನ್ನ ಉಳಿತಾಯದ ಡಬ್ಬಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ. "ನನ್ನ ಹತ್ರ 412 ರೂಪಾಯಿ ಇದೆ. ಸಾಕಾ?"

ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತಾರು ವರ್ಷ ಕೂತವನು ನಾನು. ಎಣಿಸದೆ ಯಾರ ದುಡ್ಡನ್ನೂ ಒಪ್ಪಿಕೊಂಡವನಲ್ಲ. ಮೆಟ್ಟಿಲ ಮೇಲೇ ಸುರಿದು ಎಣಿಸಿದೆ. 407 ಇತ್ತು. ಐದು ರೂಪಾಯಿ ನಾಣ್ಯ ಒಂದನ್ನು ಅವನು ಎರಡು ಸಲ ಎಣಿಸಿದ್ದ.

ವಿಷಯ ಇಷ್ಟು. ಈ ರಜೆಯಲ್ಲಿ ಅವರೆಲ್ಲ ಅಂಡಮಾನ್‌ಗೆ ಹೋಗಬೇಕಾಗಿತ್ತು. ಜನವರಿಯಲ್ಲೇ ಮಗ ವಿಮಾನದ ಟಿಕೆಟ್ ತೆಗೆದಿದ್ದ. ಮೊಮ್ಮಗ ತರಗತಿಗೆಲ್ಲ ಸುದ್ದಿ ಹಂಚಿಯೂ ಆಗಿತ್ತು. ಫೆಬ್ರವರಿ ಕೊನೆಗೆ ಮಗನ ಕಂಪನಿಯವರು ಅವನನ್ನೂ ಇನ್ನು ಕೆಲವರನ್ನೂ ಕರೆದು, ಮುಂದಿನ ತಿಂಗಳಿಂದ ಬರುವುದು ಬೇಡ ಎಂದುಬಿಟ್ಟರು. ಟಿಕೆಟ್ ರದ್ದಾಯಿತು. ಮಗುವಿಗೆ ನಾವು ಹೇಳಿದ್ದು ಮಾತ್ರ ಬೇರೆ: "ಅಪ್ಪನಿಗೆ ಈ ಸಲ ತುಂಬ ಕೆಲಸ ಕಣೋ, ರಜೆ ಸಿಗಲಿಲ್ಲ."

"ಆದರೆ ಅಪ್ಪ ದಿನಾ ಮನೇಲೇ ಇರ್ತಾರಲ್ಲ ತಾತ?" ಎಂದು ಅವನು ಮೆಲ್ಲಗೆ ಕೇಳಿದ. ನಾನು ಪೇಪರು ಮಡಚಿದೆ. ಉತ್ತರ ಹೇಳಬೇಕಾದವನು ಒಳಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಎರಡು ತಿಂಗಳಿಂದ ಊಟಕ್ಕೆ ಬಿಟ್ಟರೆ ಅವನು ಹೊರಗೆ ಬರುತ್ತಿದ್ದದ್ದೇ ಕಡಿಮೆ.

"ಈ ದುಡ್ಡು ಸಾಕು. ಇಷ್ಟಕ್ಕೇ ಹೊರಡಬಹುದಾದ ದ್ವೀಪ ಒಂದಿದೆ. ರೈಲಿನಲ್ಲೇ ಹೋಗಬಹುದು," ಎಂದೆ.

"ದ್ವೀಪಕ್ಕೆ ಯಾರಾದ್ರೂ ರೈಲಲ್ಲಿ ಹೋಗ್ತಾರಾ?"

"ದ್ವೀಪ ಅಂದರೆ ಏನು ಅಂತ ನಿನ್ನ ಪುಸ್ತಕದಲ್ಲಿದೆ?"

"ಸುತ್ತಲೂ ನೀರಿನಿಂದ ಆವರಿಸಿದ ಭೂಭಾಗ."

"ಸಮುದ್ರದ ನೀರೇ ಆಗಬೇಕು ಅಂತ ಬರೆದಿದೆಯಾ?"

ಇಲ್ಲ ಎಂದು ಒಪ್ಪಿಕೊಂಡ. ಕಾವೇರಿ ನದಿ ಎರಡು ಕವಲಾಗಿ, ನಡುವೆ ಒಂದು ಇಡೀ ಊರನ್ನೇ ಹಿಡಿದುಕೊಂಡಿದೆ, ಅದೇ ಶ್ರೀರಂಗಪಟ್ಟಣ ಎಂದು ಹೇಳಿದೆ. ಇಂಥ ಜಾಗಕ್ಕೆ ಕನ್ನಡದಲ್ಲಿ ಎಷ್ಟು ಹೆಸರು ನೋಡಿ ಮಕ್ಕಳೇ. ನಡುಗಡ್ಡೆ ಎನ್ನುತ್ತೇವೆ. ಉಡುಪಿ, ಮಂಗಳೂರಿನ ಕಡೆ ಹೊಳೆಯ ನಡುವಿನ ನೆಲಕ್ಕೆ ಕುದ್ರು ಎನ್ನುತ್ತಾರೆ. ನೀರಿನ ನಡುವೆ ದಿಬ್ಬದ ಹಾಗೆ ಎದ್ದಿದ್ದರೆ ತಿಟ್ಟು. ರಂಗನತಿಟ್ಟು ಎಂಬ ಹೆಸರಿನಲ್ಲಿರುವುದು ಅದೇ.

ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಹೇಳಿದೆ. "ನೀವೆಲ್ಲ ಹೋಗಿಬನ್ನಿ ಅಪ್ಪ, ನನಗೆ ಬೇರೆ ಕೆಲಸ ಇದೆ," ಎಂದ. ನನ್ನಾಕೆ ಸುಮ್ಮನಿರಿ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಸುಮ್ಮನಾದೆ.

ಮರುದಿನ ಬೆಳಕು ಹರಿಯುವ ಮುಂಚೆ ನಾವು ಐವರು ಹಲಸೂರು ಮೆಟ್ರೊ ನಿಲ್ದಾಣದಲ್ಲಿದ್ದೆವು. ನಾನು, ನನ್ನಾಕೆ, ಸೊಸೆ, ಎಂಟನೇ ತರಗತಿಗೆ ಹೋಗಲಿರುವ ಮೊಮ್ಮಗಳು, ಮತ್ತು ಖಜಾಂಚಿಯಾದ ಮೊಮ್ಮಗ. ಟಿಕೆಟ್ ತೆಗೆಯುವ ಹೊತ್ತಿಗೆ ಮಗ ಓಡಿಬಂದ. ನೀರಿನ ಬಾಟಲಿಗಳ ಚೀಲ ನಾವು ಮರೆತು ಬಂದಿದ್ದೆವಂತೆ. ಕಾಲಲ್ಲಿ ಮನೆಯಲ್ಲಿ ಹಾಕುವ ಹವಾಯಿ ಚಪ್ಪಲಿ. ಚೀಲ ಕೊಟ್ಟು ತಿರುಗಬೇಕು, ಅಷ್ಟರಲ್ಲಿ ಮೊಮ್ಮಗ ಕೌಂಟರಿನಲ್ಲಿ "ಆರು ಟಿಕೆಟ್" ಎಂದ. ದುಡ್ಡನ್ನೂ ಕೊಟ್ಟುಬಿಟ್ಟ. ಮಗ ಒಂದು ಕ್ಷಣ ನಿಂತ. ಆಮೇಲೆ ಚೀಲವನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ.

ಮೆಜೆಸ್ಟಿಕ್ ಕಡೆಯ ದೊಡ್ಡ ರೈಲು ನಿಲ್ದಾಣದಲ್ಲಿ ಬೆಳಗಿನ ಮೈಸೂರು ರೈಲು ಹಿಡಿದೆವು. ಈ ದಾರಿಯ ಊರುಗಳನ್ನು ಬಾಯಿರುಚಿಯಿಂದಲೇ ನೆನಪಿಟ್ಟುಕೊಳ್ಳಬಹುದು. ಬಿಡದಿ ಎಂದರೆ ತಟ್ಟೆ ಇಡ್ಲಿ, ಮದ್ದೂರು ಎಂದರೆ ವಡೆ, ಮಂಡ್ಯ ಎಂದರೆ ಕಬ್ಬು, ಬೆಲ್ಲ. ನಡುವೆ ರಾಮನಗರದ ಬಂಡೆ ಬೆಟ್ಟಗಳೂ ಚನ್ನಪಟ್ಟಣದ ಮರದ ಗೊಂಬೆಗಳೂ ಬರುತ್ತವೆ, ಅವನ್ನು ತಿನ್ನಲಾಗದು.

ಮದ್ದೂರು ವಡೆಯ ಬುಟ್ಟಿ ಬಂದಾಗ ಮೊಮ್ಮಗಳು "ಇದರಲ್ಲಿ ತೂತೇ ಇಲ್ಲವಲ್ಲ ಅಜ್ಜಿ," ಎಂದಳು. ಇದು ಉದ್ದಿನ ವಡೆಯ ಜಾತಿಯಲ್ಲ ಎಂದು ಅಜ್ಜಿಯ ಪಾಠ ಶುರುವಾಯಿತು. ರವೆ, ಅಕ್ಕಿ ಹಿಟ್ಟು, ಮೈದಾ, ಧಾರಾಳವಾಗಿ ಈರುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ ಹಾಕಿ ಗಟ್ಟಿಯಾಗಿ ಕಲೆಸಿ, ಚಪ್ಪಟೆ ತಟ್ಟಿ, ಸಣ್ಣ ಉರಿಯಲ್ಲಿ ಕರಿಯಬೇಕು. ರುಬ್ಬುವ ಕೆಲಸವಿಲ್ಲ. ತಣ್ಣಗಾದರೂ ರುಚಿ ಕೆಡುವುದಿಲ್ಲ, ಹಾಗಾಗಿ ಪ್ರಯಾಣಕ್ಕೆ ಹೇಳಿಮಾಡಿಸಿದ್ದು. ಎಲ್ಲರೂ ಎರಡೆರಡು ತಿಂದರು. ಸಕ್ಕರೆ ಕಾಯಿಲೆಯವರಿಗೆ ಒಂದೇ ಎಂದು ನನಗೆ ಆಜ್ಞೆಯಾಯಿತು. ವಡೆಗೂ ಸಕ್ಕರೆಗೂ ಏನು ಸಂಬಂಧವೆಂದು ನಾನು ವಾದ ಮಾಡಲಿಲ್ಲ. ಹಿಂದೆ ಮಾಡಿ ಸೋತಿದ್ದೇನೆ.

ಪಾಂಡವಪುರ ದಾಟಿದ ಮೇಲೆ ಮೊಮ್ಮಗ ಕಿಟಕಿ ಬಿಡಲಿಲ್ಲ. ರೈಲು ಧಡಧಡ ಎಂದು ಸೇತುವೆ ಹತ್ತಿತು. ಕೆಳಗೆ ಬಂಡೆಗಳ ನಡುವೆ ಬೇಸಿಗೆಯ ಕಾವೇರಿ. ಸೇತುವೆ ಮುಗಿಯಿತು, ರೈಲು ನಿಂತಿತು.

"ಬಂತಾ ದ್ವೀಪ?"

"ಬಂತು."

ಇಳಿದು ಹೊರಗೆ ಬಂದು ಸುತ್ತ ನೋಡಿದ. ಆಟೊಗಳು, ಸ್ಕೂಟರುಗಳು, ಔಷಧಿ ಅಂಗಡಿ, ಎಳನೀರಿನ ಗಾಡಿ, ಎರಡು ಎಮ್ಮೆ. "ಇದು ಊರು ತಾತ," ಎಂದ. ಮುಖ ಸಣ್ಣದಾಯಿತು. ದ್ವೀಪದ ಮೇಲೆ ನಿಂತವರಿಗೆ ದ್ವೀಪ ಕಾಣುವುದಿಲ್ಲ, ಅಂಚಿಗೆ ಹೋಗಬೇಕು, ಸಂಜೆ ತೋರಿಸುತ್ತೇನೆ ಎಂದು ಸಮಾಧಾನ ಹೇಳಿದೆ.

ನಿಲ್ದಾಣದ ಬಳಿಯೇ ಟಿಪ್ಪು ಕಾಲದ ಮದ್ದಿನ ಮನೆಯೊಂದಿದೆ. ಮೈಸೂರಿಗೆ ಜೋಡಿ ಹಳಿ ಹಾಕುವಾಗ ಅದು ದಾರಿಗೆ ಅಡ್ಡವಾಗಿತ್ತು. ಒಡೆಯುವ ಬದಲು 2017ರಲ್ಲಿ ಸುಮಾರು 1000 ಟನ್ ತೂಕದ ಆ ಇಟ್ಟಿಗೆ ಗಾರೆಯ ಕಟ್ಟಡವನ್ನು ಬುಡದಿಂದ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಇದನ್ನು ಕೇಳಿದ ಮೇಲೆ ಮೊಮ್ಮಗನ ಮುಖ ಸ್ವಲ್ಪ ಅರಳಿತು.

ರಂಗನಾಥಸ್ವಾಮಿಯ ದರ್ಶನ ಬೇಗನೆ ಆಯಿತು. ಗಂಗರ ಕಾಲದಲ್ಲಿ ತಿರುಮಲಯ್ಯ ಎಂಬ ಸಾಮಂತ ಕಟ್ಟಿಸಿದ್ದೆಂದು ಹೇಳುವ ಗುಡಿ. ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂವರೂ ಕಾವೇರಿಯ ನಡುಗಡ್ಡೆಗಳಲ್ಲೇ ಮಲಗಿದ್ದಾರೆ.

ಬಿಸಿಲೇರುವ ಮುಂಚೆ ಆಟೊ ಮಾಡಿಕೊಂಡು ರಂಗನತಿಟ್ಟಿಗೆ ಹೋದೆವು. 17ನೇ ಶತಮಾನದಲ್ಲಿ ಮೈಸೂರಿನ ಅರಸರು ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದಾಗ ಮೇಲಕ್ಕೆ ಉಳಿದ ತಿಟ್ಟುಗಳಿವು. ಮನುಷ್ಯರ ಕಾಟವಿಲ್ಲದ ಜಾಗ ಸಿಕ್ಕಿತೆಂದು ಹಕ್ಕಿಗಳು ಸಂಸಾರ ಹೂಡಿದವು. ಪಕ್ಷಿತಜ್ಞ ಸಲೀಂ ಅಲಿಯವರು ನೋಡಿ ಮೈಸೂರಿನ ಮಹಾರಾಜರಿಗೆ ಹೇಳಿದ ಮೇಲೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು, ಕರ್ನಾಟಕದಿಂದ ಮೊದಲನೆಯದಾಗಿ.

ದೋಣಿ ಹತ್ತಿದೆವು. ಹುಟ್ಟು ಹಾಕುವ ದೋಣಿ, ಇಂಜಿನ್ನಿನ ಸದ್ದಿಲ್ಲ. ಮರಗಳ ತುಂಬ ಬಣ್ಣದ ಕೊಕ್ಕರೆಗಳು. ಬಾಲದ ಹತ್ತಿರ ಯಾರೋ ಗುಲಾಬಿ ಕುಂಚ ಒರೆಸಿದ ಹಾಗೆ. ಗೂಡುಗಳಲ್ಲಿ ಮರಿಗಳು ಬಾಯಿ ತೆರೆದು ಕಿರುಚುತ್ತಿದ್ದವು. ತಾಯಿ ರೆಕ್ಕೆ ಅಗಲಿಸಿ ಬಿಸಿಲಿಗೆ ಅಡ್ಡ ನಿಂತಿತ್ತು. ಹೆಜ್ಜಾರ್ಲೆಗಳು ಕೊಕ್ಕಿನ ಕೆಳಗೆ ಚೀಲ ತೂಗಿಕೊಂಡಿದ್ದವು. ಒಂದು ಮರದಲ್ಲಿ ಎಲೆಗಿಂತ ಬಾವಲಿಗಳೇ ಹೆಚ್ಚು.

"ಅಗೋ ಬಂಡೆ ಮೇಲೆ ಮೊಸಳೆ," ಎಂದರು ದೋಣಿಯವರು. ನನಗೆ ಬಂಡೆ ಮಾತ್ರ ಕಂಡಿತು. ಆಮೇಲೆ ಆ ಬಂಡೆಯೇ ಕಣ್ಣು ಬಿಟ್ಟಿತು.

"ಆ ಹಕ್ಕಿಯ ಕೊಕ್ಕು ಯಾಕೆ ಸರಿಯಾಗಿ ಮುಚ್ಚಿಲ್ಲ?" ಎಂದು ಮೊಮ್ಮಗ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಗ ಹೇಳಿದ: "ಅದು ಬಾಯ್ಕಳಕ ಕಣೋ. ಬಸವನಹುಳು ತಿನ್ನುತ್ತೆ. ಚಿಪ್ಪಿನೊಳಗಿಂದ ಹುಳು ಎಳೆಯೋಕೆ ಆ ಸಂದು ಬೇಕು. ನಿನ್ನಷ್ಟಿದ್ದಾಗ ತಾತ ನನ್ನನ್ನ ಇಲ್ಲಿಗೆ ಕರಕೊಂಡು ಬಂದು ಹೇಳಿದ್ದರು." ನನಗೇ ಅದು ಮರೆತಿತ್ತು. ನಮ್ಮ ಶಾಖೆಯವರೆಲ್ಲ ವ್ಯಾನು ಮಾಡಿಕೊಂಡು ಬಂದಿದ್ದೆವು.

ಆಗ ಮೊಮ್ಮಗ, ಹಕ್ಕಿಯ ಮೇಲಿನ ಕಣ್ಣು ತೆಗೆಯದೆಯೇ ಕೇಳಿದ:

"ಅಪ್ಪಾ, ನಿಮ್ಮ ಕೆಲಸ ಹೋಯ್ತಾ?"

ದೋಣಿಯಲ್ಲಿ ಎದ್ದು ಹೋಗಲು ಬೇರೆ ಕೋಣೆ ಇರುವುದಿಲ್ಲ. ಸೊಸೆ ನೀರಿನ ಕಡೆ ನೋಡಿದಳು. ನನ್ನಾಕೆ ನನ್ನ ಕೈ ಹಿಡಿದಳು.

"ಹೌದು ಕಣೋ, ಹೋಯ್ತು," ಎಂದ ಮಗ. "ಬೇರೆ ಹುಡುಕ್ತಾ ಇದೀನಿ. ಇನ್ನೂ ಸಿಕ್ಕಿಲ್ಲ."

"ಅದಕ್ಕೇ ಅಂಡಮಾನ್‌ಗೆ ಹೋಗ್ಲಿಲ್ವಾ?"

"ಅದಕ್ಕೇ. ಆವತ್ತೇ ನಿನಗೆ ಹೇಳಬೇಕಿತ್ತು."

"ಸರಿ," ಎಂದ ಮೊಮ್ಮಗ. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ನೋಡಿ, ಇನ್ನೊಂದು ಮೊಸಳೆ. ದೊಡ್ಡದು," ಎಂದು ಅಪ್ಪನ ತೋಳು ಎಳೆದ. ಮಗ ಮೊಸಳೆಯನ್ನು ನೋಡಿದನೋ ಇಲ್ಲವೋ, ತುಂಬ ಹೊತ್ತು ಆ ಕಡೆ ಮುಖ ಮಾಡಿಕೊಂಡೇ ಇದ್ದ.

ಊಟಕ್ಕೆ ಸಣ್ಣದೊಂದು ಮೆಸ್ಸಿಗೆ ಆಟೊದವರೇ ಕರೆದುಕೊಂಡು ಹೋದರು. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಲ್ಯ, ಮಜ್ಜಿಗೆ. ಮೊಮ್ಮಗಳು ಮುದ್ದೆಯನ್ನು ಚೂಯಿಂಗ್ ಗಮ್ಮಿನಂತೆ ಅಗಿಯುತ್ತಿದ್ದಳು. ಬಡಿಸುತ್ತಿದ್ದ ಅಮ್ಮ ನೋಡಿ ನಕ್ಕು, "ಅಗೀಬಾರ್ದು ಕಣವ್ವ, ಸಾರಲ್ಲಿ ಅದ್ದಿ ನುಂಗ್ಬೇಕು," ಎಂದು ಇನ್ನೊಂದು ಸೌಟು ಸಾರು ಹಾಕಿದರು. ಮಗ ಎರಡನೇ ಮುದ್ದೆ ಕೇಳಿದ. ಫೆಬ್ರವರಿಯಿಂದ ಅವನು ಏನನ್ನಾದರೂ ಎರಡನೇ ಸಲ ಹಾಕಿಸಿಕೊಂಡಿದ್ದು ನಾನು ನೋಡಿರಲಿಲ್ಲ.

ಉರಿಬಿಸಿಲಿನ ಹೊತ್ತನ್ನು ದರಿಯಾ ದೌಲತ್‌ನಲ್ಲಿ ಕಳೆದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. 1780ರ ಪೊಳ್ಳಿಲೂರು ಕದನದ ಚಿತ್ರ ಗೋಡೆಯ ತುಂಬ ಇದೆ. ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಯ್ಲಿಯನ್ನೂ ಸಿಡಿಯುತ್ತಿರುವ ಮದ್ದಿನ ಗಾಡಿಯನ್ನೂ ಮೊಮ್ಮಗಳೇ ಹುಡುಕಿ ತೋರಿಸಿದಳು.

ಸಂಜೆ ಸಂಗಮಕ್ಕೆ ಹೋದೆವು. ದ್ವೀಪದ ಪೂರ್ವದ ತುದಿ ಅದು. ಎಡಗಡೆಯಿಂದ ಒಂದು ಹೊಳೆ, ಬಲಗಡೆಯಿಂದ ಇನ್ನೊಂದು, ಎರಡೂ ಕಣ್ಣೆದುರಿಗೇ ಕೂಡಿಕೊಳ್ಳುತ್ತವೆ. ಮೊಮ್ಮಗ ಎರಡು ಕೈಯನ್ನೂ ಎರಡು ಕಡೆಗೆ ಚಾಚಿ ನಿಂತು, ಹಿಂತಿರುಗಿ ನಾವು ಬಂದ ದಾರಿ ನೋಡಿ, "ಹೌದು, ದ್ವೀಪಾನೇ," ಎಂದು ತೀರ್ಪು ಕೊಟ್ಟ.

ಅಲ್ಲಿ ಮೆಟ್ಟಿಲ ಮೇಲೆ ಕೂತು ಮಕ್ಕಳಿಗೆ ಒಂದು ಹಳೆಯ ಸಂಗತಿ ಹೇಳಿದೆ. ನಮ್ಮ ಭಾಗದ ಓದುಗರಲ್ಲೂ ಎಷ್ಟೋ ಜನಕ್ಕೆ ಇದು ಹೊಸದಿರಬಹುದು. 1799ರ ಮೇ 4ರಂದು ಟಿಪ್ಪು ಇಲ್ಲಿ ಮಡಿದ ಮೇಲೆ ಬ್ರಿಟಿಷರ ಪಡೆ ಈ ದ್ವೀಪದಲ್ಲೇ ಬೀಡುಬಿಟ್ಟಿತು. ಆದರೆ ಇಲ್ಲಿನ ಚಳಿಜ್ವರ ಅವರನ್ನು ಬಿಡಲಿಲ್ಲ. ಸಿಪಾಯಿಗಳು ಮಲಗುತ್ತಲೇ ಹೋದರು. ಕೊನೆಗೆ 1809ರಲ್ಲಿ ದಂಡನ್ನು ಇಲ್ಲಿಂದ ಎಬ್ಬಿಸಿ, ಎತ್ತರದ, ತಂಪಾದ ಬೆಂಗಳೂರಿನಲ್ಲಿ, ಹಲಸೂರು ಗ್ರಾಮದ ಬಳಿಯ ಬಯಲಿಗೆ ತಂದಿಳಿಸಿದರು. ಅದೇ ಕಂಟೋನ್ಮೆಂಟ್, ನಮ್ಮ ಹಿರಿಯರ ಬಾಯಲ್ಲಿ ದಂಡು. ದಂಡಿನ ಹಿಂದೆ ವ್ಯಾಪಾರಿಗಳು, ಅಡುಗೆಯವರು, ದರ್ಜಿಗಳು, ಗಾಡಿಯವರು ಬಂದರು. ಇಂದಿನ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್ ಬೆಳೆದದ್ದು ಹಾಗೆ. ಹಲಸೂರೂ ಅದರ ಸೋಮೇಶ್ವರ ಗುಡಿಯೂ ಅದಕ್ಕೂ ಮುಂಚಿನವು ಎಂಬುದನ್ನು ಮಾತ್ರ ಹಲಸೂರಿನವನಾಗಿ ಸೇರಿಸಲೇಬೇಕು.

"ಸೊಳ್ಳೆ ಪರದೆ ಕಟ್ಟಿಕೊಳ್ಳಬಹುದಿತ್ತಲ್ಲ?" ಎಂದಳು ಮೊಮ್ಮಗಳು.

ಸೊಳ್ಳೆಯದೇ ಕೆಲಸವೆಂದು ಆಗ ಯಾರಿಗೆ ಗೊತ್ತಿತ್ತು? ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದು ನಂಬಿದ್ದರು. ಮಲೇರಿಯಾ ಎಂಬ ಇಟಲಿ ಭಾಷೆಯ ಮಾತಿನ ಅರ್ಥವೇ ಕೆಟ್ಟ ಗಾಳಿ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ರೊನಾಲ್ಡ್ ರಾಸ್ ಎಂಬ ವೈದ್ಯರು ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಅಷ್ಟರಲ್ಲಿ ಕಂಟೋನ್ಮೆಂಟಿಗೆ ಎಂಬತ್ತೆಂಟು ವರ್ಷ. ಸಂಗಮದ ಸೊಳ್ಳೆಗಳು ಈಗಲೂ ಚುರುಕಾಗಿವೆ ಎನ್ನುವುದಕ್ಕೆ ನನ್ನ ಕಾಲೇ ಸಾಕ್ಷಿ.

ವಾಪಸು ಬರುವಾಗ ರೈಲಿನಲ್ಲಿ ಮೊಮ್ಮಗ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದ. ನಾನು ಡೈರಿ ತೆಗೆದು ಲೆಕ್ಕ ಬರೆದೆ. ಮೆಟ್ರೊ ಟಿಕೆಟ್ಟೂ ಸಂಗಮದ ಬಳಿ ಕುಡಿದ ಕಬ್ಬಿನ ಹಾಲೂ ಮೊಮ್ಮಗನ ಖಾತೆ. ಮಿಕ್ಕಿದ್ದು ನನ್ನ ಪಿಂಚಣಿ ಖಾತೆ. ಮದ್ದೂರು ವಡೆಯ ದುಡ್ಡು ಯಾರು ಕೊಟ್ಟರೆಂದು ನೆನಪಾಗದೆ ಕೇಳಿದೆ. "ನಾನು ಕೊಟ್ಟೆ ಅಪ್ಪ, ಬರ್ಕೊಳ್ಳಿ," ಎಂದ ಮಗ.

ಇದನ್ನು ಬರೆಯುವ ಹೊತ್ತಿಗೆ ಅವನಿಗೆ ಕೆಲಸ ಸಿಕ್ಕಿಲ್ಲ. ಎರಡು ಕಡೆ ಸಂದರ್ಶನ ಮುಗಿಸಿದ್ದಾನೆ. ಕೋಣೆಯ ಬಾಗಿಲು ಈಗ ಹಗಲಲ್ಲಿ ತೆರೆದೇ ಇರುತ್ತದೆ. ಮೊಮ್ಮಗ ಒಳಗೆ ಹೋಗಿ ಬಂದು ಮಾಡುತ್ತಿರುತ್ತಾನೆ.

ಮೊನ್ನೆ ಭಾನುವಾರ ಮೂವರೂ ಹಲಸೂರು ಕೆರೆಯ ಕಡೆ ನಡೆದುಹೋದೆವು. ಹುಟ್ಟಿದಾಗಿನಿಂದ ನೋಡುತ್ತಿರುವ ಕೆರೆಯ ಮುಂದೆ ಮೊಮ್ಮಗ ಥಟ್ಟನೆ ನಿಂತ. ನೀರಿನ ನಡುವೆ ಮರಗಳಿಂದ ತುಂಬಿದ ತಿಟ್ಟುಗಳು.

"ತಾತ, ಇಲ್ಲೂ ದ್ವೀಪ ಇದೆ! ನೀವು ಹೇಳಲೇ ಇಲ್ಲ. ಅಲ್ಲಿಗೆ ಹೋಗೋಕೆ ಎಷ್ಟು ದುಡ್ಡು ಬೇಕು?"

"ಯಾರನ್ನಾದರೂ ಕೇಳೋಣ ಬಾ," ಎಂದ ಅವನಪ್ಪ. ಇಬ್ಬರೂ ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಮುಂದೆ ಹೋದರು.