ರಾಗಿಯ ಬೆಲೆಯೂ ನಿಮ್ಮ ಮನೆಯ ಲೆಕ್ಕವೂ



ನಾಲೆ ನೀರು ಹತ್ತುವ ಕಡೆ ಭತ್ತ, ಹತ್ತದ ಕಡೆ ರಾಗಿ. ಸೋಮನಾಥಪುರದ ಸುತ್ತಿನ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ರಾಗಿಗೆ ದೆಹಲಿಯಲ್ಲಿ ಬೆಂಬಲ ಬೆಲೆ ಗೊತ್ತುಮಾಡುವಾಗ ಯಾರ ಲೆಕ್ಕ ನೋಡುತ್ತಾರೆ ಎಂದು ಕೇಳಿದರೆ, "ಅವರಿಗೆ ತೋಚಿದ್ದು ಬರೀತಾರೆ, ಬಿಡಿ ಸ್ವಾಮಿ" ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಈ ಮಾತು ಅರ್ಧ ಮಾತ್ರ ಸರಿ. ಎಷ್ಟು ಕೊಡಬೇಕೆಂಬುದನ್ನು ಸರ್ಕಾರವೇ ತೀರ್ಮಾನಿಸುತ್ತದೆ, ನಿಜ. ಆದರೆ ಆ ತೀರ್ಮಾನಕ್ಕೆ ಆಧಾರವಾದ ಅಂಕಿ ಹೊರಡುವುದು ನಿಮ್ಮಂಥ ಕೆಲವು ರೈತರ ಹೊಲದಿಂದ.

ಬೀಜದ ಸಂಶೋಧನೆ ನಿಮಗೆ ಗೊತ್ತಿರುವುದೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಇಂಡಿಯದ 'ಇಂಡ್', ಆಫ್ರಿಕದ 'ಆಫ್' ಸೇರಿ ಆ ಹೆಸರು. 1970ರ ದಶಕದಲ್ಲಿ ಆ ಬೀಜ ಹಳ್ಳಿ ಹಳ್ಳಿಗೆ ಹರಡಿತು. ಇಲಾಖೆ ಹಂಚಿತು, ಸರಿ. ಪಕ್ಕದ ಹೊಲದ ತೆನೆ ಕಂಡು ಎರಡು ಸೇರು ಬೀಜ ಕೇಳಿ ತಂದವರೂ ಬಹಳ ಮಂದಿ. ಬೆಲೆಯನ್ನು ಹಾಗೆ ಬದುವಿನ ಮೇಲೆ ನಿಂತು ಕೈಗಡ ತರಲಾಗುವುದಿಲ್ಲ. ಅದು ಸರ್ಕಾರದ ಮೂಲಕವೇ ಬರಬೇಕು.

ಕೇಂದ್ರ ಸರ್ಕಾರ 1965ರ ಜನವರಿಯಲ್ಲಿ ಬೆಲೆ ಆಯೋಗವನ್ನು ಸ್ಥಾಪಿಸಿತು. 1985ರಿಂದ ಅದರ ಹೆಸರು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ. ವೆಚ್ಚ ತಿಳಿಯದೆ ಬೆಲೆ ಹೇಳುವುದು ಹೇಗೆ? ಅದಕ್ಕಾಗಿ 1970-71ರಿಂದ ಸಾಗುವಳಿ ವೆಚ್ಚದ ಅಧ್ಯಯನ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಅದನ್ನು ನಡೆಸುತ್ತ ಬಂದಿದೆ. ಆಯ್ದ ಹಳ್ಳಿಗಳಲ್ಲಿ ಸಣ್ಣ, ದೊಡ್ಡ ಹಿಡುವಳಿದಾರರನ್ನೆಲ್ಲ ಐದು ತರಗತಿಯಾಗಿ ವಿಂಗಡಿಸಿ, ತರಗತಿಗೆ ಇಬ್ಬರಂತೆ ಹತ್ತು ಮಂದಿಯನ್ನು ಆರಿಸುವುದು ಇದರ ಕ್ರಮ. ಉತ್ತಿದ್ದು, ಹರಗಿದ್ದು, ಗೊಬ್ಬರ ಹೊಡೆದದ್ದು, ಕೂಲಿ ಕೊಟ್ಟದ್ದು ಎಲ್ಲವನ್ನೂ ಆಗಿಂದಾಗ್ಗೆ ಬಂದು ಬರೆದುಕೊಳ್ಳುತ್ತಾರೆ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕದಲ್ಲೇ. ಆದ್ದರಿಂದ ರಾಗಿಯ ಮಟ್ಟಿಗೆ ನಮ್ಮ ಹಳ್ಳಿಗಳ ಲೆಕ್ಕಕ್ಕೇ ತೂಕ ಹೆಚ್ಚು.

ಲೆಕ್ಕವಿದ್ದ ಮಾತ್ರಕ್ಕೆ ಬೆಲೆ ಬರಲಿಲ್ಲ ಎಂಬುದನ್ನೂ ಹೇಳಬೇಕು. ಪ್ರೊ. ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗ, ವೆಚ್ಚದ ಮೇಲೆ ಕನಿಷ್ಠ ಶೇ. 50 ಸೇರಿಸಿ ಬೆಲೆ ಕೊಡಿ ಎಂದು ಹೇಳಿ 2006ರಲ್ಲಿ ತನ್ನ ಕೆಲಸ ಮುಗಿಸಿತು. ಹನ್ನೆರಡು ವರ್ಷ ಕಳೆಯಿತು. ರೈತರು ಬೀದಿಗಿಳಿದು ಕೇಳಿದರು. 2018ರ ಆಯವ್ಯಯದಲ್ಲಿ ಕೇಂದ್ರ ಸರ್ಕಾರ ಒಂದೂವರೆ ಪಟ್ಟು ಕೊಡುವುದಾಗಿ ಒಪ್ಪಿತು. ಆ ವರ್ಷ ಆಯೋಗ ಲೆಕ್ಕ ಹಾಕಿದ ರಾಗಿಯ ವೆಚ್ಚ ಕ್ವಿಂಟಲಿಗೆ 1931 ರೂಪಾಯಿ. ಅದರ ಹಿಂದಿನ ವರ್ಷದ ಬೆಂಬಲ ಬೆಲೆ 1900! ಬೇಸಾಯದ ಖರ್ಚೇ ಹುಟ್ಟದ ಬೆಲೆ ಅದು. ಒಂದೂವರೆ ಪಟ್ಟಿನ ಲೆಕ್ಕದಲ್ಲಿ ಅದು ಒಂದೇ ಏಟಿಗೆ 2897ಕ್ಕೆ ಏರಿತು. 2025-26ಕ್ಕೆ 4886 ಆಗಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ್ದು ಸಂತೋಷವೇ, ಪಟ್ಟಣದವರು ರಾಗಿ ಬಿಸ್ಕತ್ತು ತಿಂದದ್ದೂ ಸಂತೋಷವೇ. ಆದರೆ 2018ರ ಏರಿಕೆ ಬಂದದ್ದು ಹಬ್ಬದಿಂದಲ್ಲ, ಲೆಕ್ಕದಿಂದ.

ಇಲ್ಲೇ ನೀವು ಗಮನಿಸಬೇಕಾದ ಸಂಗತಿಯೊಂದಿದೆ. ಈ ವೆಚ್ಚದಲ್ಲಿ ಕೈಯಿಂದ ಕೊಟ್ಟ ಹಣದ ಜೊತೆಗೆ ಮನೆಯ ಎತ್ತಿನ ದುಡಿಮೆ, ಮನೆಯ ಬೀಜ, ತಿಪ್ಪೆಗೊಬ್ಬರ, ಮನೆಮಂದಿಯ ಕೂಲಿ ಎಲ್ಲಕ್ಕೂ ಬೆಲೆ ಕಟ್ಟುತ್ತಾರೆ. ಹುಲ್ಲಿನ ಪಾಲನ್ನು ಬೇರೆ ಮಾಡುತ್ತಾರೆ. ಆದರೆ ನಮ್ಮ ರೈತರನ್ನು ಕಳೆ ತೆಗೆಯಲು ಎಷ್ಟು ಖರ್ಚಾಯಿತು ಎಂದು ಕೇಳಿ ನೋಡಿ. "ಮನೆ ಹೆಂಗಸರೇ ತೆಗೆದರು, ಖರ್ಚೇನಿಲ್ಲ" ಎನ್ನುತ್ತಾರೆ. ಎಕರೆಗೆ ಹತ್ತು ಆಳಿನ ಕೆಲಸ ಬರೆಸದೆ ಹೋಯಿತೆನ್ನಿ. ಆಳಿಗೆ 400 ರೂಪಾಯಿ ಹಿಡಿದರೆ 4000. ಇಳುವರಿ ಹತ್ತು ಕ್ವಿಂಟಲಾದರೆ, ಹುಲ್ಲಿನ ಪಾಲು ಬಿಟ್ಟು ನೋಡಿದಾಗ, ಕ್ವಿಂಟಲಿಗೆ 400 ರೂಪಾಯಿ ವೆಚ್ಚ ಮಾಯವಾಯಿತು. ಎಲ್ಲರೂ ಹೀಗೇ ಬಿಟ್ಟರೆ ಒಂದೂವರೆ ಪಟ್ಟಿನಲ್ಲಿ 600 ರೂಪಾಯಿ ಬೆಲೆಯೇ ಹೋದಂತೆ. ಸೊಸೆ ಬೆನ್ನು ಬಗ್ಗಿಸಿ ದುಡಿದದ್ದು ಲೆಕ್ಕಕ್ಕೇ ಸೇರಲಿಲ್ಲ. ಹಾಗೆಂದು ಇಲ್ಲದ್ದನ್ನು ಸೇರಿಸಿ ಬರೆಸಬೇಡಿ. ಊರಿನ ಬೇರೆ ಲೆಕ್ಕಗಳ ಪಕ್ಕದಲ್ಲಿಟ್ಟಾಗ ಅದು ಎದ್ದು ಕಾಣುತ್ತದೆ.

ಆಯ್ಕೆಯಾದ ಹಳ್ಳಿ ನಿಮ್ಮದಲ್ಲದಿರಬಹುದು. ಆದರೂ ಈ ಹಂಗಾಮಿನಿಂದ ಶಾಲೆಗೆ ಹೋಗುವ ಮಕ್ಕಳ ಕೈಲಿ ಒಂದು ಪುಸ್ತಕದಲ್ಲಿ ಬರೆಸಿಡಿ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಇವನ್ನೂ ಸೇರಿಸಿದ ಲೆಕ್ಕ ಆಯೋಗದ ಬಳಿ ಇದೆ. ಅದಕ್ಕೆ 'ಸಿ-2' ಎನ್ನುತ್ತಾರೆ. ಸರ್ಕಾರ ಒಂದೂವರೆ ಪಟ್ಟು ಕೊಟ್ಟದ್ದು ಅದಕ್ಕಲ್ಲ, ಅದಕ್ಕಿಂತ ಕಡಿಮೆಯಾದ ವೆಚ್ಚಕ್ಕೆ. ರೈತ ಸಂಘಟನೆಗಳ ತಕರಾರು ಇರುವುದು ಇಲ್ಲೇ, ಮತ್ತು ಆ ತಕರಾರಿನಲ್ಲಿ ನ್ಯಾಯವಿದೆ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಊರಿನ ನಾಲ್ಕು ಮನೆಯ ಲೆಕ್ಕ ಕೈಯಲ್ಲಿದ್ದರೆ ಸಭೆಯಲ್ಲಿ ಈ ವಿಷಯ ಎತ್ತಲು ಆಧಾರ ಸಿಕ್ಕುತ್ತದೆ.

ಇನ್ನು ಖರೀದಿ ಕೇಂದ್ರದ ಮಾತು. ಬೆಲೆ ಸಾರಿದರೂ ಹೆಸರು ನೋಂದಾಯಿಸದವರ ರಾಗಿಯನ್ನು ಅಲ್ಲಿ ಕೊಳ್ಳುವುದಿಲ್ಲ. ನೋಂದಣಿಗೆ 'ಫ್ರೂಟ್ಸ್' ಗುರುತಿನ ಸಂಖ್ಯೆ ಬೇಕು. ಅದಿಲ್ಲದವರು ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ರಾಗಿ ಎಂದೇ ದಾಖಲಾಗಿದೆಯೇ ಎಂಬುದನ್ನೂ ಕೊಯ್ಲಿಗೆ ಮುಂಚೆಯೇ ನೋಡಿಕೊಳ್ಳಿ.